ಮಲ್ಬರಿ ರಸ್ತೆಯ ಕಡತದಲ್ಲಿ ಬಾಕಿ ಉಳಿದ ಸಹಿ

ಬೆಳಗಿನ ಆರೂವರೆ. ಎರೀ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತಿದೆ. ಇನ್ನೂ ಬಣ್ಣ ಕಾಣದ ಕಟ್ಟಡವೊಂದರ ಕೆಳ ಅಂತಸ್ತಿನಲ್ಲಿ ಅರ್ನೆಟಾ ಟಿಬ್ಸ್ ಗಾಲಿಕುರ್ಚಿಯಲ್ಲಿ ಕುಳಿತು, ಚಕ್ರಗಳನ್ನು ತಾವೇ ತಳ್ಳಿಕೊಳ್ಳುತ್ತ ಒಂದೊಂದು ಮನೆಯ ಬಾಗಿಲನ್ನೂ ದಾಟುತ್ತಿದ್ದಾರೆ. ಉಣ್ಣೆ ಟೋಪಿಯ ಮೇಲೆ ಹಳದಿ ಹೆಲ್ಮೆಟ್ಟು. ಅವರ ಕಾಲಿಗೆ ಯಾವ ತೊಂದರೆಯೂ ಇಲ್ಲ. ಕುರ್ಚಿ ಚರ್ಚಿನಿಂದ ಎರವಲು ತಂದದ್ದು. ಏಳನೇ ಮನೆಯ ಬಚ್ಚಲ ಬಾಗಿಲಲ್ಲಿ ಬೆರಳ ಗೆಣ್ಣು ತರಚುತ್ತದೆ.

"ಇದು ಅರ್ಧ ಇಂಚು ಕಮ್ಮಿ ಇದೆ," ಎನ್ನುತ್ತಾರೆ ಮೇಸ್ತ್ರಿಗೆ.

"ನಕ್ಷೆ ಪ್ರಕಾರ ಸರಿಯಾಗೇ ಇದೆಯಲ್ಲ, ಮೇಡಂ."

"ನಕ್ಷೆ ಸ್ನಾನಕ್ಕೆ ಹೋಗಲ್ಲಪ್ಪ. ಕಿತ್ತು ಸರಿಯಾಗಿ ಕೂರಿಸಿ. ಆಮೇಲೆ ಕಂತು ಬಿಡ್ತೀನಿ."

ಐವತ್ತೊಂಬತ್ತು ವರ್ಷದ ಅರ್ನೆಟಾ ನಮ್ಮ ನಗರಾಡಳಿತದ ವಸತಿ ವಿಭಾಗದಲ್ಲಿ ಸಾಲದ ಅಧಿಕಾರಿ. ಬಡವರಿಗೆ, ವಯಸ್ಸಾದವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟುವವರ ಬಳಿ ಎಷ್ಟೇ ಹಣ ಕೂಡಿದರೂ ಕೊನೆಗೊಂದು ಕೊರತೆ ಉಳಿಯುತ್ತದೆ. ಅದನ್ನು ಅಳೆಯುವುದು, ನಗರದ ಹಣದಿಂದ ತುಂಬಿಸುವುದು ಇವರ ಕೆಲಸ. "ಬಾಡಿಗೆ ಕಮ್ಮಿ ಅಂದ್ಮೇಲೆ ಬ್ಯಾಂಕು ಜಾಸ್ತಿ ಸಾಲ ಕೊಡಲ್ಲ," ಎಂದು ವಿವರಿಸುತ್ತಾರೆ. "ರಾಜ್ಯದ ತೆರಿಗೆ ರಿಯಾಯಿತಿ ನಂಬಿ ಒಬ್ಬ ಹೂಡಿಕೆದಾರ ಬರ್ತಾನೆ. ಆದ್ರೂ ನೂರಕ್ಕೆ ಹನ್ನೆರಡೋ ಹದಿನೈದೋ ಸಾಲದೇ ಬರುತ್ತೆ. ಆ ಹನ್ನೆರಡು ಸಿಗಲಿಲ್ಲ ಅಂದ್ರೆ ಉಳಿದ ಎಂಬತ್ತೆಂಟೂ ಎದ್ದು ಹೋಗುತ್ತೆ. ನಾವು ಕೊನೆಗೆ ಬರೋರು. ಕೆಡಿಸೋದಕ್ಕೂ ನಮ್ಮಿಂದಲೇ ಆಗೋದು."

ಇಪ್ಪತ್ತಾರು ವರ್ಷಗಳಲ್ಲಿ ಮೂವತ್ತೊಂದು ಕಟ್ಟಡ, ಸಾವಿರದ ಒಂಬೈನೂರು ಮನೆ. ಯಾವ ಕಟ್ಟಡದ ಫಲಕದಲ್ಲೂ ಇವರ ಹೆಸರಿಲ್ಲ. ಇದನ್ನೇ ಪತ್ರಿಕೆಗೆ ಬರೆಯಬೇಕೆಂದು ನಾನು ಹೋದದ್ದು. ಅರ್ನೆಟಾ ಒಪ್ಪಲಿಲ್ಲ. "ಬರೆಯೋದಾದ್ರೆ ಕಟ್ಟದೇ ಹೋದದ್ದರ ಬಗ್ಗೆ ಬರೀರಿ," ಎಂದರು.

ಅದು ಒಂಬತ್ತು ವರ್ಷದ ಹಿಂದಿನ ಮಾತು. ಮಲ್ಬರಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಬೇಕರಿಯ ಜಾಗದಲ್ಲಿ ವಯಸ್ಸಾದವರಿಗೆ ನಲವತ್ನಾಲ್ಕು ಮನೆ ಕಟ್ಟುವ ಯೋಜನೆ ಇವರ ಮೇಜಿಗೆ ಬಂದಿತ್ತು. ಬ್ಯಾಂಕು ಒಪ್ಪಿತ್ತು, ಹೂಡಿಕೆದಾರ ಒಪ್ಪಿದ್ದ. ನಗರದ ಪಾಲಿನ ಹಣಕ್ಕೆ ಅರ್ಜಿ ಹಾಕುವ ಕೊನೆಯ ದಿನ ಶುಕ್ರವಾರ, ಸಂಜೆ ನಾಲ್ಕು ಗಂಟೆ. ಕಾರು ನಿಲ್ಲಿಸುವ ಜಾಗದ ನಕ್ಷೆಯಲ್ಲಿ ಎಂಜಿನಿಯರರ ಸಹಿ ಇರಲಿಲ್ಲ.

"ಫೋನ್ ಮಾಡಬಹುದಿತ್ತು. ಎಂಜಿನಿಯರ್ ಕಚೇರಿ ಎದುರುಗಡೆನೇ. ರಸ್ತೆ ದಾಟಿದ್ರೆ ಆಗ್ತಿತ್ತು. ನಾನು ದಾಟಲಿಲ್ಲ. ಅರ್ಜಿ ಅಪೂರ್ಣ, ಮುಂದಿನ ಸುತ್ತಿನಲ್ಲಿ ನೋಡೋಣ ಅಂತ ಬರೆದು ಮನೆಗೆ ಹೋದೆ. ನಮ್ಮ ಮೇಲಧಿಕಾರಿ ನಾನು ಎಷ್ಟು ಕಟ್ಟುನಿಟ್ಟು ಅಂತ ಸಭೆಯಲ್ಲಿ ಹೊಗಳಿದರು. ನನಗೆ ಖುಷಿಯಾಯ್ತು. ಅದನ್ನೂ ಬರ್ಕೊಳಿ."

ಮುಂದಿನ ಸುತ್ತು ಬರುವಷ್ಟರಲ್ಲಿ ತೆರಿಗೆ ರಿಯಾಯಿತಿಯ ಗಡುವು ಮುಗಿದಿತ್ತು. ಹೂಡಿಕೆದಾರ ಹಿಂದೆ ಸರಿದ. ಯೋಜನೆ ಅಲ್ಲಿಗೇ ನಿಂತಿತು.

ಆ ಮನೆಗಳಿಗಾಗಿ ಹೆಸರು ಬರೆಸಿದ್ದವರಲ್ಲಿ ಲೂಥರ್ ಪೆಟಿಫೋರ್ಡ್ ಒಬ್ಬರು. ಸಿಟಿ ಬಸ್ಸಿನ ನಿವೃತ್ತ ಚಾಲಕ. ಹೆಂಡತಿ ಓಡೆಸಾಗೆ ಪಾರ್ಶ್ವವಾಯು ಬಡಿದು ಗಾಲಿಕುರ್ಚಿ ಹಿಡಿದ ಮೇಲೆ, ಮೆಟ್ಟಿಲ ಮೇಲಿನ ಬಾಡಿಗೆ ಮನೆ ಬಿಟ್ಟು ಆಕೆಯನ್ನು ಪಕ್ಕದ ಜಿಲ್ಲೆಯ ಆರೈಕೆ ಮನೆಗೆ ಸೇರಿಸಿದ್ದರು. ತಾವು ಹೆದ್ದಾರಿ ಬದಿಯ ಮೋಟೆಲಿನ ಒಂದು ಕೋಣೆಯಲ್ಲಿದ್ದು, ಎರಡು ಬಸ್ಸು ಬದಲಿಸಿ ದಿನಾ ಹೆಂಡತಿಯನ್ನು ನೋಡಿ ಬರುತ್ತಿದ್ದರು. ಮಂಗಳವಾರ ಮಾತ್ರ ದಾರಿಯಲ್ಲಿ ವಸತಿ ಕಚೇರಿಯಲ್ಲಿ ಇಳಿಯುತ್ತಿದ್ದರು.

"‘ಮಿಸ್ ಟಿಬ್ಸ್, ನಿಮ್ಮ ಕಟ್ಟಡ ನನ್ನ ಹಳೇ ಬಸ್ಸಿಗಿಂತ ನಿಧಾನ’ ಅಂತಿದ್ರು. ಎರಡು ಸಲ, ಇನ್ನೇನು ಆಗೇಬಿಡುತ್ತೆ ಅಂದೆ. ಆಗಲ್ಲ ಅಂತ ಆಗಲೇ ಗೊತ್ತಿತ್ತು. ಮೂರನೇ ಸಲ ಕಿಟಕಿಯಿಂದ ಅವರ ಟೋಪಿ ಕಂಡಿದ್ದೇ ಜೆರಾಕ್ಸ್ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡೆ. ನಾನಿಲ್ಲ ಅಂತ ಹೇಳು ಅಂತ ಕೌಂಟರಿನ ಹುಡುಗಿಗೆ ಹೇಳಿದೆ. ಆಮೇಲೆ ಪ್ರತಿ ಮಂಗಳವಾರ ಅದೇ. ಎರಡು ವರ್ಷ."

ಇಷ್ಟು ಹೇಳಿ ಅರ್ನೆಟಾ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ನನಗೆ ತಲೆ ಎತ್ತಲಾಗುವುದಿಲ್ಲ. ಮಲ್ಬರಿ ರಸ್ತೆಯ ಹಿಂದಿನ ಬೀದಿಯಲ್ಲಿ ನನ್ನ ಮನೆ. ಸಹಿಯಿಲ್ಲದೆ ಉಳಿದ ಆ ನಕ್ಷೆ ಬೇಕಾದದ್ದೇ ಅಕ್ಕಪಕ್ಕದವರು ಕಾರು ನಿಲ್ಲಿಸಲು ಜಾಗ ಸಾಲದೆಂದು ಮನವಿ ಕೊಟ್ಟಿದ್ದರಿಂದ. ಕೊಟ್ಟವರಲ್ಲಿ ನಾನೂ ಒಬ್ಬ. ಅಲ್ಲಿಗೆ ಬರಲಿದ್ದವರಲ್ಲಿ ಬಹುಪಾಲು ಜನರಿಗೆ ಕಾರೇ ಇರಲಿಲ್ಲ. ಕೊನೆಗೂ ಇದನ್ನು ಬಾಯಿಬಿಟ್ಟು ಹೇಳುತ್ತೇನೆ.

"ಗೊತ್ತು," ಎನ್ನುತ್ತಾರೆ ಅರ್ನೆಟಾ. "ನಿಮ್ಮ ಹೆಸರು ಕಡತದಲ್ಲಿದೆ. ಹನ್ನೊಂದನೆಯದು."

ಮೂರನೆಯ ಚಳಿಗಾಲದಲ್ಲಿ ಓಡೆಸಾ ಆರೈಕೆ ಮನೆಯಲ್ಲೇ ತೀರಿಕೊಂಡರು. ಅರ್ನೆಟಾಗೆ ಅದು ತಿಳಿದದ್ದು ಪತ್ರಿಕೆಯ ನಿಧನ ವಾರ್ತೆಯಿಂದ. ಅಂದೇ ಮಧ್ಯಾಹ್ನ ಮೋಟೆಲಿಗೆ ಹೋದರು. ಪೆಟಿಫೋರ್ಡ್ ಬಾಗಿಲು ತೆರೆದು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರಂತೆ.

"‘ಚೆನ್ನಾಗಿದ್ದೀರಲ್ಲ, ಸದ್ಯ’ ಅಂದ್ರು. ‘ಯಾವಾಗ ಬಂದ್ರೂ ಇರ್ತಿರಲಿಲ್ಲ. ದೊಡ್ಡ ಕಾಯಿಲೆ ಬಿದ್ದಿದ್ದೀರೇನೋ ಅಂದ್ಕೊಂಡೆ. ಓಡೆಸಾ ಅವಳ ಪ್ರಾರ್ಥನೆಯ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಸೇರಿಸಿದ್ದಳು.’"

ಅಲ್ಲಿ ನಿಂತೇ ಅರ್ನೆಟಾ ಎಲ್ಲವನ್ನೂ ಹೇಳಿದರು. "‘ಒಂದು ಸಹಿಯಾ?’ ಅಂತ ಕೇಳಿದ್ರು. ಹೌದು ಅಂದೆ. ‘ಈಗ ಹೋಗಿ, ಮಿಸ್ ಟಿಬ್ಸ್’ ಅಂತ ಮೆಲ್ಲಗೆ ಬಾಗಿಲು ಹಾಕಿದ್ರು. ಬಡಿಯಲಿಲ್ಲ."

ಆಮೇಲೆ ಅರ್ನೆಟಾ ಕೆಲಸ ಮಾಡುವ ರೀತಿಯೇ ಬದಲಾಯಿತು. ಕಾಗದವೊಂದು ಕಡಿಮೆ ಬಿದ್ದರೆ ತಾವೇ ಹೋಗಿ ತರುತ್ತಾರೆ. ಹಣ ಬಿಡುವ ಮುನ್ನ ಬೆಳಗ್ಗೆಯೇ ಎದ್ದು ಕಟ್ಟಡ ನೋಡುತ್ತಾರೆ. ಮಲ್ಬರಿ ರಸ್ತೆಯ ಯೋಜನೆಯನ್ನು ಮತ್ತೆ ಎಬ್ಬಿಸಲು ಐದು ವರ್ಷ ಹಿಡಿಯಿತು. ಎರಡು ಸಲ ನಗರಸಭೆ ತಳ್ಳಿಹಾಕಿತು, ಮೂರನೆಯ ಸಲ ಒಪ್ಪಿತು. ಕಳೆದ ವಸಂತದಲ್ಲಿ ನಲವತ್ನಾಲ್ಕು ಮನೆಗಳಿಗೂ ಜನ ಬಂದರು. ನೆಲ ಅಂತಸ್ತಿನ ಒಂದು ಮನೆ ಪೆಟಿಫೋರ್ಡ್ ಅವರಿಗೆ ಸಿಕ್ಕಿತು. "ಅವರ ಸರದಿ ಅದು. ನಾನು ಪಟ್ಟಿ ಮುಟ್ಟಲಿಲ್ಲ," ಎಂದು ಎರಡೆರಡು ಸಲ ಹೇಳುತ್ತಾರೆ.

ಉದ್ಘಾಟನೆಯ ದಿನ ಭಾಷಣಗಳು ನಡೆಯುತ್ತಿದ್ದಾಗ ಅರ್ನೆಟಾ ಹಿಂದೆ, ಕಾಫಿ ಮೇಜಿನ ಬಳಿ ನಿಂತಿದ್ದರು. ಪೆಟಿಫೋರ್ಡ್ ಕೋಲೂರಿಕೊಂಡು ಅಲ್ಲಿಗೇ ಬಂದರು. "ಇಬ್ಬರಿಗೆ ಅಂತ ಬರೆಸಿದ್ದೆ," ಎಂದರು. "ಒಂದು ಕೋಣೆ ಸುಮ್ಮನೆ ಇದೆ. ಬಂದು ನೋಡಿ." ಅಂದಿನಿಂದ ಅರ್ನೆಟಾ ತಿಂಗಳಿಗೊಮ್ಮೆ ಹೋಗುತ್ತಾರೆ.

ಬರುವ ಮಾರ್ಚಿನಲ್ಲಿ ಇವರ ನಿವೃತ್ತಿ. ಫಲಕದಲ್ಲಿ ಹೆಸರಿರಬೇಕೆಂದು ಅನಿಸುವುದಿಲ್ಲವೇ ಎಂದು ಕೇಳುತ್ತೇನೆ. ಇಲ್ಲವೆಂದು ತಲೆಯಾಡಿಸಿ, ತರಚಿದ ಬೆರಳನ್ನು ಒರೆಸಿಕೊಳ್ಳುತ್ತಾರೆ.

"ಪೆಟಿಫೋರ್ಡ್ ಮನೆಗೆ ಹೋದಾಗಲೆಲ್ಲ ಕೂರಿಸಿ ಕಾಫಿ ಕೊಡ್ತಾರೆ. ಹೊರಡೋವಾಗ ಪೀಚ್ ಕಾಬ್ಲರ್ ಅಂತ ಹಣ್ಣಿನ ಸಿಹಿ ಡಬ್ಬಿಗೆ ಹಾಕಿ ಕಳಿಸ್ತಾರೆ, ಹೆಂಡತಿ ಮಾಡ್ತಿದ್ದ ಹಾಗೇ ಮಾಡೋದು ಈಗ ಕಲಿತಿದ್ದಾರೆ. ನಂಗೆ ಒಂದೇ ಆಸೆ ಕಣ್ರೀ. ಒಂದು ದಿನ ಅವರು ನನ್ನನ್ನ ಕೂರಿಸಿಕೊಂಡು ಚೆನ್ನಾಗಿ ಬೈಬೇಕು. ಇಲ್ಲೀವರೆಗೂ ಬೈದಿಲ್ಲ."