ಮಾಂಸ ಲೀಚ್ ಮಾಡುತ್ತಿದ್ದ ನೆರೆಯವರು

ಐರ್ಲೆಂಡಿನ ಡ್ರೋಹೆಡಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಹಿರಿಯರು ಮಾಂಸವನ್ನು ಎಂದೂ ಕತ್ತರಿಸಿದವರಲ್ಲ. "ಕತ್ತರಿಸುವುದು ಬಟ್ಟೆಯನ್ನು. ಮಾಂಸವನ್ನು ಲೀಚ್ ಮಾಡುವುದು" ಎನ್ನುತ್ತಿದ್ದರು. ಮಾಂಸವನ್ನು ತೆಳ್ಳಗೆ ಹೆಚ್ಚುವುದಕ್ಕೆ ಇಂಗ್ಲಿಷರೇ ಮರೆತುಬಿಟ್ಟಿದ್ದ ಆ ಪದವನ್ನು ಯಾವುದೋ ಹಳೆಯ ಅಡುಗೆ ಪುಸ್ತಕದಿಂದ ಅವರು ಉದ್ಧಾರ ಮಾಡಿದ್ದರು. ಚೂರಿ ಹಿಡಿಯುವ ಮೊದಲು ಕನ್ನಡಕ ಒರೆಸಿಕೊಂಡು, ಅಧ್ಯಕ್ಷ ಭಾಷಣಕ್ಕೆ ಎದ್ದವರಂತೆ ನಿಲ್ಲುತ್ತಿದ್ದರು.

ಚರ್ಚಿನಲ್ಲಿ ಮೊಮ್ಮಗಳ ಜ್ಞಾನಸ್ನಾನವಿದ್ದ ಬೆಳಿಗ್ಗೆ, ಬಾಫತ್ ಎಂಬ ಖಾರದ ಪದಾರ್ಥ ಮಾಡಲು ತಂದಿದ್ದ ಹಂದಿಮಾಂಸವನ್ನಷ್ಟೂ ಅವರು ಕಾಗದದಂತೆ ಲೀಚ್ ಮಾಡಿಬಿಟ್ಟರು. ಬಾಫತ್‌ಗೆ ಬೇಕಾದದ್ದು ದಪ್ಪ ತುಂಡು. ಊಟಕ್ಕೆ ಬರಲಿದ್ದವರು ಅಳಿಯನ ತಾಯಿ, ಅಡುಗೆಯಲ್ಲಿ ತಪ್ಪು ಹುಡುಕುವುದರಲ್ಲಿ ನಿಷ್ಣಾತರು.

"ಎಂತ ಮಾಡಿದ್ರಿ ಮಾರಾಯ್ರೆ! ಬೀಗಿತ್ತಿ ಎದುರು ನನ್ನ ಮರ್ಯಾದೆ ಹೋಯ್ತು!" ಎಂದರು ಹೆಂಡತಿ.

"ಎಲ್ಲ ಗ್ರ್ಯಾಂಡ್ ಆಗ್ತದೆ," ಎಂದು ಇವರು ಒಂದೊಂದು ಹಾಳೆಗೂ ಮಸಾಲೆ ಸವರಿ, ಸುರುಳಿ ಸುತ್ತಿ, ಸಹಾಯಕ್ಕೆ ಹೋಗಿದ್ದ ನನ್ನಿಂದ ದಾರ ಕಟ್ಟಿಸಿ ಬೇಯಲಿಟ್ಟರು.

ಮಧ್ಯಾಹ್ನ ಬೀಗಿತ್ತಿ ಒಂದರ ದಾರ ಬಿಚ್ಚಿ ತಿಂದರು. ಇನ್ನೊಂದನ್ನೂ ಬಿಚ್ಚಿದರು.

"ಇದೆಂತ ಬಾಫತ್? ನಮ್ಮಲ್ಲಿ ಹೀಗೆ ಕಂಡದ್ದೇ ಇಲ್ಲ."

ಹಿರಿಯರು ಲೀಚ್‌ನ ಇತಿಹಾಸ ಹೇಳಲು ಬಾಯಿ ತೆರೆದರು. ಹೆಂಡತಿ ಅವರಿಗೆ ಅವಕಾಶ ಕೊಡಲಿಲ್ಲ.

"ನಿಮ್ಮಲ್ಲಿ ಇರ್ಲಿಕ್ಕಿಲ್ಲ ಬಿಡಿ," ಎಂದರು, "ನಮ್ಮ ಮನೆಯಲ್ಲಿ ಮೊದಲಿಂದ್ಲೂ ಹೀಗೇ."