ತೊದಲುತ್ತಿದ್ದ ಕಂಪ್ಯೂಟರ್, ಪಕ್ಕದ ಮನೆಯ ರೈಲ್ವೆಯವರು

ಮೊಮ್ಮಗಳ ಕಂಪ್ಯೂಟರ್ ಕೆಡಿಸಿದ್ದು ನಾನೇ. ಸರಿಮಾಡಿದ್ದು ಪಕ್ಕದ ಮನೆಯ ರೈಲ್ವೆಯವರ ಮಡಚದ ತೋರುಬೆರಳು. ಯಶವಂತಪುರದಲ್ಲಿ ಗಾಡಿಗಳಿಗೆ ದಾರಿ ಬಿಡುವ ಕೆಲಸದಲ್ಲಿದ್ದಾಗ ಜಜ್ಜಿಹೋದ ಬೆರಳು ಅದು. ಕೀಲಿ ಒತ್ತುವಾಗ ಕೋಲಿನಂತೆ ನೆಟ್ಟಗೆ ನಿಲ್ಲುತ್ತಿತ್ತು. ನಿವೃತ್ತಿಯಾದ ಮೇಲೆ ಅಮೃತಹಳ್ಳಿಯ ನಮ್ಮ ಬೀದಿಯ ಕಂಪ್ಯೂಟರ್‌ಗಳನ್ನೆಲ್ಲ ಅವರೇ ನೋಡುತ್ತಿದ್ದರು. ಯಾರ ಮನೆಯಲ್ಲೂ ಊಟಕ್ಕೆ ಕೂರುತ್ತಿರಲಿಲ್ಲ. ನಿಂತೇ ಒಂದು ಲೋಟ ಮಜ್ಜಿಗೆ ಕುಡಿದು ಹೊರಡುವರು.

ಮೊಮ್ಮಗಳಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಅವಳಿಗೆ ಓದಿ ಹೇಳುತ್ತದೆ. ಅದು ನಿಧಾನ ಎಂದು ಒಮ್ಮೆ ಗೊಣಗಿದಳು. ಅವಳು ಗೆಳತಿಯ ಮನೆಗೆ ಹೋಗಿದ್ದ ದಿನ ನಾನು ಅಂಗಡಿಯವನೊಬ್ಬನನ್ನು ಕರೆಸಿ, "ಎಲ್ಲಾನೂ ಜೋರಾಗಿ ಓಡೋ ಅಂಗೆ ಮಾಡಪ್ಪ" ಅಂದೆ. ಏನೋ ಒತ್ತಿ ಹೋದ. ಅವತ್ತು ಸಂಜೆಯಿಂದಲೇ ದನಿ ತೊದಲತೊಡಗಿತು. ಅರ್ಧ ಮಾತು ಹೇಳುವುದು, ಉಸಿರು ಸಿಕ್ಕಿಕೊಂಡವರ ಹಾಗೆ ನಿಲ್ಲುವುದು.

ಮರುದಿನ ಹತ್ತು ಗಂಟೆಗೆ ಅದರಲ್ಲೇ, ಮನೆಯಲ್ಲಿ ಕೂತು ಬರೆಯಬೇಕಾದ ಅವಳ ಕೆಲಸದ ಪರೀಕ್ಷೆ. ಆ ಹೊತ್ತಿನಲ್ಲಿ ಕೋಣೆಯೊಳಗೆ ಬೇರೆ ಯಾರೂ ಇರುವಂತಿಲ್ಲ. ಎರಡು ವರ್ಷ ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ.

ರೈಲ್ವೆಯವರು ಬಂದು ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಟ್ಟು ಕೇಳಿದರು, "ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಇಲ್ಲ ಅಂಕಲ್. ನಮ್ಮಜ್ಜಿ ಯಾರಿಗೂ ಬಿಡಲ್ಲ" ಅಂದಳು ಮೊಮ್ಮಗಳು.

ಅವರು ಒಂದೊಂದೇ ತಂತಿ ಕಿತ್ತು ನೋಡಿದರು. ಎರಡು ಗಂಟೆ ಹೋಯಿತು. ಮೊಮ್ಮಗಳು ಉಗುರು ಕಚ್ಚುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ, ಮಜ್ಜಿಗೆಯ ನೆಪದಲ್ಲಿ ಅವರನ್ನು ಅಡುಗೆಮನೆಗೆ ಕರೆದು ಹೇಳಿಬಿಟ್ಟೆ.

"ಮೊದ್ಲೇ ಹೇಳ್ಬಾರ್ದಾ ಅಮ್ಮ? ನಾನು ತಂತಿ ತಡಕ್ತಾ ಕೂತಿದೀನಿ!"

"ಎದ್ರಿಕೆ ಆಯ್ತು ಸ್ವಾಮಿ."

"ಇಡೀ ಬೀದಿನೇ ಎದ್ರಿಸೋರು ನೀವು" ಎಂದು ಲೋಟ ಕೆಳಗಿಟ್ಟು ಹೋದರು.

ಸ್ವಲ್ಪ ಹೊತ್ತಿಗೇ ತೊಂದರೆ ಸಿಕ್ಕಿತು. ಮೊಮ್ಮಗಳಿಗೆ ಹೇಳಿದರು: "ಫೋಟೋ ನಕಲು ಮಾಡೋದು, ವೈರಸ್ ಹುಡ್ಕೋದು, ಎಲ್ಲಕ್ಕೂ ಮೊದಲ್ನೇ ಸರದಿ ಕೊಟ್ಟಿದಾರಮ್ಮ. ಗೂಡ್ಸ್ ಗಾಡಿಗಳೇ ಹಳಿ ತುಂಬ್ಕೊಂಡ್ರೆ ಪ್ಯಾಸೆಂಜರ್ ಎಲ್ಲಿ ಹೋಗ್ಬೇಕು? ನಿನ್ ದನಿಗೆ ದಾರಿನೇ ಇಲ್ಲ."

"ಯಾರ್ ಕೊಟ್ಟಿದ್ದು ಅಂಕಲ್?"

"ಅದು ಆಮೇಲೆ. ಮೊದ್ಲು ಗೂಡ್ಸ್ ನಿಲ್ಸೋಣ." ಯಾವ ರಿಪೇರಿಗೆ ಕೂತರೂ ಈ ಮಾತು ಹೇಳುವರು. ಬೆರಳು ಟಕಟಕ ಬಡಿಯಿತು. ದನಿ ತಡೆಯಿಲ್ಲದೆ ಓದಿತು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ನನಗೊಬ್ಬಳಿಗೇ ಕೇಳುವಂತೆ ಅಂದರು: "ನಾಳೆ ಪರೀಕ್ಷೆ ಮಧ್ಯ ಮತ್ತೆ ನಿಂತ್ರೆ ನಾನು ಒಳಗೆ ಬರೋಕಾಗಲ್ಲ. ಏನ್ ಕೆಟ್ಟಿತ್ತು, ಯಾಕ್ ಕೆಟ್ಟಿತ್ತು ಅಂತ ಅವಳಿಗೆ ಗೊತ್ತಿದ್ರೆ ಅವಳೇ ಸರಿ ಮಾಡ್ಕೋತಾಳೆ. ಹೇಳೋದು ನಿಮ್ ಕೆಲ್ಸ."

ಅವರು ತೀರಿಕೊಂಡು ವರ್ಷವಾಯಿತು. ಅವರ ಋಣ ನನ್ನ ಮೇಲಿದೆ. ಆದರೆ ಅವತ್ತು ಅವರನ್ನು ಬೈದುಕೊಂಡೇ ಮಲಗಿದೆ.

ಬೆಳಿಗ್ಗೆ ಎದ್ದವಳೇ, ಮೊಮ್ಮಗಳು ಜಡೆ ಹಾಕಿಕೊಳ್ಳುತ್ತಿದ್ದಲ್ಲಿಗೆ ಹೋಗಿ ಎದುರಿಗೆ ಕೂತೆ. ಅಂಗಡಿಯವನನ್ನು ಕರೆಸಿದ್ದು, ಅವನಿಗೆ ಹೇಳಿದ್ದು, ಆಮೇಲೆ ಬಾಯಿ ಮುಚ್ಚಿಕೊಂಡಿದ್ದು, ಒಂದೂ ಬಿಡದೆ ಹೇಳಿದೆ.