ಅತ್ತೆಯ ಸೀಮಂತದ ಸೀರೆ ನೌಕೆ ಏರಿದ್ದು

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಅದಿಲ್ಲ ಎಂದು ತಿಳಿಯಲು ಹದಿನಾಲ್ಕು ವರ್ಷ ಹಿಡಿಯಿತು. ತಿಳಿದದ್ದು ಬಸವನಗುಡಿಯ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ, ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದ ಜನರ ನಡುವೆ.

ನಾನೂ ಆ ಹುಚ್ಚಿನವಳೇ. ವರ್ಷಕ್ಕೊಮ್ಮೆ ನಾವೆಲ್ಲ ಎಲ್ಲಾದರೂ ಸೇರುತ್ತೇವೆ. ಬೇರೆ ಗ್ರಹದವರ ಹಾಗೆ, ರೋಬೋಟುಗಳ ಹಾಗೆ, ಗಗನನೌಕೆಯ ಸಿಬ್ಬಂದಿಯ ಹಾಗೆ ವೇಷ ಹಾಕಿಕೊಂಡು ಓಡಾಡುತ್ತೇವೆ, ಕಾಫಿ ಕುಡಿಯುತ್ತೇವೆ, ಜಗಳವಾಡುತ್ತೇವೆ. ಈ ಸಲ ಹೊಸದೊಂದು ಏರ್ಪಾಡಿತ್ತು. ಹಳಬರು ತಮ್ಮ ಹಳೆಯ ವೇಷಗಳನ್ನು ತಂದು ಮೇಜಿನ ಮೇಲಿಡಬೇಕು, ಪಕ್ಕದಲ್ಲೊಂದು ಚೀಟಿ. ಯಾವ ವೇಷ, ಯಾರು ಹೊಲಿದದ್ದು, ಯಾವುದರಿಂದ ಹೊಲಿದದ್ದು. ಬಂದವರು ಮುಟ್ಟಿ ನೋಡಬಹುದು, ಬೇಕಾದ್ದು ಕೇಳಬಹುದು.

ನನ್ನದು ಒಂದು ಮೇಲಂಗಿ. ನೆಲವೆಲ್ಲ ಮುಳುಗಿಹೋದ ಗ್ರಹವೊಂದರ ಕೊನೆಯ ನೌಕೆಯ ನಾಯಕಿಗೆಂದು, ನಾನೇ ಕಟ್ಟಿದ ಕಥೆಗೆ ನಾನೇ ಹೊಲಿದುಕೊಂಡದ್ದು. ನವಿಲುಗರಿ ಬಣ್ಣದ ರೇಷ್ಮೆ, ಹೆಗಲಿನಿಂದ ಹಿಮ್ಮಡಿಯವರೆಗೆ ಜರಿಯ ರುದ್ರಾಕ್ಷಿ ಅಂಚು. ಆ ರೇಷ್ಮೆ ಎಲ್ಲಿಂದ ಬಂತು ಎನ್ನುವುದೇ ಕಷ್ಟದ ಮಾತು.

ಅದು ನನ್ನ ಅತ್ತೆಯ ಸೀಮಂತದ ಸೀರೆ. ನಾನು ಮದುವೆಯಾಗಿ ಬಂದ ಮೂರನೆಯ ವರ್ಷ, ಬೀರು ಖಾಲಿ ಮಾಡುತ್ತ ಅವರು ಅದನ್ನು ಹೊರತೆಗೆದರು. ಮಡಿಕೆ ಮಡಿಕೆಗೂ ಸೀಳಿತ್ತು, ಉಡುವಂತಿರಲಿಲ್ಲ. "ಪಾತ್ರೆಯವ್ನು ಬಂದ್ರೆ ಹಾಕ್ಬಿಡಮ್ಮ, ಒಂದು ಡಬ್ಬಿ ತಗೋ" ಎಂದು ನನ್ನ ಕೈಗಿಟ್ಟು ಒಳಗೆ ಹೋದರು. ಆಗೆಲ್ಲ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನು ಬುಟ್ಟಿ ಹೊತ್ತುಕೊಂಡು ನಮ್ಮ ಬೀದಿಗೆ ಬರುತ್ತಿದ್ದ. ಮಾರನೆಯ ದಿನವೇ ಬಂದ. ನಾನು ಕದ ತೆಗೆಯಲಿಲ್ಲ. ಅಷ್ಟರಲ್ಲಿ ನನ್ನ ತಲೆಯೊಳಗಿನ ನಾಯಕಿ ಆ ಬಣ್ಣವನ್ನು ಹೊದ್ದು ನಿಂತಾಗಿತ್ತು.

ಕೇಳಿದ್ದರೆ ಆಗುತ್ತಿತ್ತು. ಆದರೆ ಒಬ್ಬನೇ ಮಗ ಹೊಟ್ಟೆಯಲ್ಲಿದ್ದಾಗ ಉಟ್ಟ ಸೀರೆಗೆ ಸೊಸೆ ಕತ್ತರಿ ಹಾಕುವುದು, ಅದೂ ವೇಷ ಕಟ್ಟಲು! ನನಗೆ ಬಾಯಿ ಬರಲಿಲ್ಲ. ಸೀರೆಯನ್ನು ಶ್ರೀರಾಂಪುರದ ಗೆಳತಿಯ ಮನೆಗೆ ಸಾಗಿಸಿ, ಅವಳ ಹೊಲಿಗೆ ಮಿಶಿನ್ನಿನ ಮುಂದೆ ನಾಲ್ಕು ಭಾನುವಾರ ಕೂತೆ. ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಡಬ್ಬಿ ಕೊಂಡು, ಅತ್ತೆಗೆ ಖುಷಿಯಾಗಲಿ ಎಂದು ಅದರ ಮೇಲೆ ಅವರ ಹೆಸರನ್ನೇ ಕೊರೆಸಿ, "ಪಾತ್ರೆಯವ್ನು ಕೊಟ್ಟ" ಎಂದು ಮುಂದಿಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ" ಎಂದು ಹುರಿಗಡಲೆ ತುಂಬಿದರು. ಗಂಡನಿಗೆ ಮಾತ್ರ ನಿಜ ಹೇಳಿದ್ದೆ. "ನನ್ನನ್ನ ಸಾಕ್ಷಿಗೆ ಕರೀಬೇಡ" ಎಂದು ಅವರು ಪೇಪರಿನ ಹಿಂದೆ ಮರೆಯಾದರು. ಧೈರ್ಯವಂತರು.

ಅಂದಿನಿಂದ ಮೇಲಂಗಿಯ ವಾಸ ಗೆಳತಿಯ ಟ್ರಂಕಿನಲ್ಲಿ. ಮನೆಯಲ್ಲಿ ಯಾರಾದರೂ ಸೀರೆಯ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಸ್ಥಿತಿ ನನ್ನದು.

ಪ್ರದರ್ಶನದ ದಿನ ಅತ್ತೆಗೆ "ಮಂಟಪದಲ್ಲಿ ಏನೋ ಪ್ರದರ್ಶನ" ಎಂದಷ್ಟೇ ಹೇಳಿ ಹೊರಟೆ. ಚೀಟಿಯಲ್ಲಾದರೂ ನಿಜ ಇರಲಿ ಎಂದು "ನಮ್ಮ ಅತ್ತೆಯ ಸೀಮಂತದ ಸೀರೆಯಿಂದ" ಎಂದು ದಪ್ಪಕ್ಷರದಲ್ಲಿ ಬರೆದೆ. ದಪ್ಪಕ್ಷರ ಯಾಕೆಂದರೆ ಕನ್ನಡಕ ಮನೆಯಲ್ಲೇ ಮರೆತಿದ್ದೆ.

ಹನ್ನೊಂದರ ಹೊತ್ತಿಗೆ ಮೆಟ್ಟಿಲ ಕಡೆ ನೋಡುತ್ತೇನೆ, ಮುಖಕ್ಕೆಲ್ಲ ಹಸಿರು ಬಳಿದುಕೊಂಡ ಹುಡುಗಿಯೊಬ್ಬಳ ಕೈ ಹಿಡಿದು ಎಪ್ಪತ್ತಾರು ವರ್ಷದ ಅತ್ತೆ ಹತ್ತಿ ಬರುತ್ತಿದ್ದಾರೆ. ಇನ್ನೊಂದು ಕೈಯಲ್ಲಿ ನನ್ನ ಕನ್ನಡಕ. ಮೇಲಂಗಿಯನ್ನು ಮೇಜಿನ ಕೆಳಗೆ ತುರುಕೋಣವೆಂದರೆ ಇಬ್ಬರು ಹೆಂಗಸರು ಅದರ ಅಂಚು ಹಿಡಿದು ಫೋಟೊ ತೆಗೆಯುತ್ತಿದ್ದರು. ಚೀಟಿಯನ್ನಾದರೂ ಮಗುಚೋಣ ಎನ್ನುವಷ್ಟರಲ್ಲಿ ಅತ್ತೆ ಎದುರಿಗೇ ಬಂದಿದ್ದರು.

"ಕನ್ನಡ್ಕ ಇಲ್ದೆ ಏನ್ ಪ್ರದರ್ಶನ ಮಾಡ್ತೀಯೇ? ಆಟೋಲಿ ಬಂದೆ. ಈ ಮಗು ಮುಖಕ್ಕೆ ಏನೋ ಹಚ್ಕೊಂಡಿದೆ, ಆದ್ರೂ ಒಳ್ಳೇ ಹುಡ್ಗಿ..." ಎನ್ನುತ್ತಿದ್ದವರ ಕೈ ಜರಿಯ ಮೇಲೆ ಹೋಗಿ ನಿಂತಿತು. ಚೀಟಿ ಓದಿದರು. ಇನ್ನೊಮ್ಮೆ ಓದಿದರು.

"ಪಾತ್ರೆಯವ್ನಿಗೆ ಹಾಕ್ಲಿಲ್ಲ ಅತ್ತೆ. ನಿಮ್ಗೆ ಸುಳ್ಳು ಹೇಳ್ದೆ" ಎಂದೆ.

"ಹಾಕ್ಲಿಲ್ಲ ಅಂತ ಅವತ್ತೇ ಗೊತ್ತು" ಎಂದರು ಅವರು, ಕಣ್ಣೆತ್ತದೆ. "ಬುಟ್ಟಿ ಹೊತ್ಕೊಂಡ್ ಬರೋನು ಎಲ್ಲಾದ್ರೂ ಡಬ್ಬಿ ಮೇಲೆ ಹೆಸ್ರು ಕೊರ್ದು ಕೊಡ್ತಾನೇನೇ? ಅಂಗ್ಡಿಯವ್ರು ತಾನೇ ಕೊರ್ಯೋದು?"

ಹದಿನಾಲ್ಕು ವರ್ಷ ಆ ಡಬ್ಬಿಯಿಂದ ಹುರಿಗಡಲೆ ತೆಗೆದು ಚಟ್ನಿ ರುಬ್ಬಿದ್ದೇನೆ. ಒಂದು ದಿನವೂ ಹೊಳೆದಿರಲಿಲ್ಲ. ಈ ಬುದ್ಧಿಗೆ ನೌಕೆಯ ನಾಯಕತ್ವ ಬೇರೆ ಕೇಡು.

"ಮತ್ತೆ ನೀವು ಕೇಳ್ಲೇ ಇಲ್ವಲ್ಲ?"

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಏನಂತ ಕೇಳ್ಲಿ? ಆಗ್ಲೇ ನಿನ್ ತಂಗಿ ಮದ್ವೆ ಬಂದಿತ್ತು. ಸೀರೆ ಸೀಳಿದ್ರೇನು, ಜರಿ ಗಟ್ಟಿಯಾಗಿತ್ತು. ಅಂಚು ಬಿಚ್ಚಿ ಬೇರೆ ಸೀರೆಗೆ ಹಚ್ಕೊಳ್ಲಿ ಅಂತ ನೀನು ತವರಿಗೆ ಕೊಟ್ಬಿಟ್ಟೆ ಅಂದ್ಕೊಂಡೆ. ಕೇಳಿ, ನೀನು ಹೂಂ ಅಂದ್ರೆ, ಆಮೇಲೆ ಒಂದೇ ಮನೇಲಿ ಹೆಂಗಿರೋದು? ಸುಮ್ನಾದೆ."

ತಂಗಿಯ ಮದುವೆಯಲ್ಲಿ ಅತ್ತೆ ನಮ್ಮ ಕಡೆಯ ಒಬ್ಬೊಬ್ಬ ಹೆಂಗಸಿನ ಸೀರೆಯಂಚನ್ನೂ ಬೆರಳಲ್ಲಿ ಹಿಡಿದು ನೋಡಿದ್ದು ಆಗ ನೆನಪಾಯಿತು. "ಎಷ್ಟು ಒಳ್ಳೇವ್ರು ನಿಮ್ಮತ್ತೆ, ಎಲ್ರ ಸೀರೇನೂ ಮೆಚ್ಕೊಂಡ್ರು" ಎಂದು ಅಮ್ಮ ವಾರವಿಡೀ ಹೊಗಳಿದ್ದಳು. ನಗು ಬಂತು, ಅದರ ಬೆನ್ನಿಗೇ ಅಳು. ನಾನು ಹೆದರಿಕೊಂಡಿದ್ದಷ್ಟು ಕಾಲವೂ ಅವರು ಇಲ್ಲದ ತಪ್ಪೊಂದನ್ನು ನುಂಗಿಕೊಂಡಿದ್ದರು. ಅದರ ಮೇಲೆ ಹಬ್ಬ ಹಬ್ಬಕ್ಕೂ ನಮ್ಮಮ್ಮನನ್ನು ಕರೆದು ಅರಿಸಿನ ಕುಂಕುಮ ಕೊಟ್ಟಿದ್ದರು.

"ಯಾರ ಮನೆಗೂ ಹೋಗ್ಲಿಲ್ಲ ಅತ್ತೆ. ಪೂರ್ತಿ ಇಲ್ಲೇ ಇದೆ."

"ಕಾಣ್ಸತ್ತಲ್ಲ" ಎಂದು ಅವರು ದೊಡ್ಡದೊಂದು ಉಸಿರು ಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು. ಇಷ್ಟು ಹಗುರಾಗಿ ನಾನು ಯಾವ ಪರೀಕ್ಷೆ ಮುಗಿಸಿಯೂ ಹೊರಬಂದದ್ದಿಲ್ಲ.

ಹಸಿರು ಮುಖದ ಹುಡುಗಿ ಬಗ್ಗಿ ಕೇಳಿದಳು, "ಅಜ್ಜಿ, ಇದು ನಿಮ್ ಸೀರೇನಾ?"

"ಹೂಂ ಕಣಮ್ಮ. ಇದನ್ನ ಉಟ್ಕೊಂಡಾಗ ಇವಳ ಗಂಡ ಹೊಟ್ಟೇಲಿದ್ದ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅತ್ತೆಗೆ ಹುರುಪೇರಿತು. ಸೀರೆ ಯಾರು ತಂದದ್ದು, ಅವತ್ತು ಏನೇನು ಅಡುಗೆ, ಎಲ್ಲ ವಿವರಿಸತೊಡಗಿದರು. ನನ್ನ ಮೇಜಿನ ಮುಂದೆ ಅಷ್ಟು ಜನ ಯಾವತ್ತೂ ನಿಂತಿರಲಿಲ್ಲ, ನನ್ನ ಮುಳುಗಿದ ಗ್ರಹದ ಕಥೆಯನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಕೊನೆಗೆ ಅತ್ತೆ ನನ್ನ ಕಡೆ ತಿರುಗಿ, "ಎಲ್ಲಿ, ಹಾಕ್ಕೋ ನೋಡೋಣ" ಎಂದರು.

ಮನೆಯವರೆದುರು ನಾನು ಅದನ್ನು ತೊಟ್ಟೇ ಇರಲಿಲ್ಲ. ಹೆಗಲಿಗೇರಿಸಿ ಗುಂಡಿ ಹಾಕಿಕೊಂಡೆ. ಅತ್ತೆ ಎದ್ದು ಬಂದು, ಸೊಟ್ಟಗಿದ್ದ ಅಂಚನ್ನು ಎಳೆದು ನೇರ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಾಯ್ಬಿಟ್ಟು ಕೇಳಿದ್ರೆ, ಸೀಳ್ದೇ ಇರೋದನ್ನೇ ಕೊಡ್ತಿದ್ನಲ್ಲೇ" ಎಂದರು.